ತೋಟದ ಮನೆಯ ಸಾಬೂನು, ತೋಟದ ಮನೆಯ ನಾಯಿಮರಿ



ಮಲೆಯಲ್ಲಿ ಹುಟ್ಟಿದ ನೀರು ಮಲೆಯಲ್ಲೇ ನಿಲ್ಲುವುದಿಲ್ಲ. ವಯನಾಡಿನ ಬೆಟ್ಟಸಾಲಿನಲ್ಲಿ ಹುಟ್ಟುವ ಕಪಿಲೆ ಹೆಗ್ಗಡದೇವನಕೋಟೆ ಸೀಮೆಯ ಕಬಿನಿ ಅಣೆಕಟ್ಟನ್ನು ದಾಟಿ, ನಂಜನಗೂಡಿನ ಸ್ನಾನಘಟ್ಟವನ್ನು ಹಾದು, ಸುತ್ತೂರಿನ ಮಗ್ಗುಲಲ್ಲಿ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವಣ ಈ ಬಯಲಿನಲ್ಲಿ ಬಿಳಿಗೆರೆ ಹೋಬಳಿ ಇದೆ. ಭತ್ತ, ಕಬ್ಬು, ಬಾಳೆ, ತೆಂಗು ಇಲ್ಲಿಯ ಬದುಕು. ಊರಿನ ಹೆಸರಿನಲ್ಲಿಯೇ ಒಂದು ಬಿಳಿಯ ಕೆರೆ ಇದೆ. ಆದರೆ ಕೆರೆ ಬಿಳಿಯಾಗಬೇಕಾದದ್ದು ನೊರೆಯಿಂದಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾದ ಕಾಲ ಇದು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿ ಬಂದುದನ್ನೂ, ಆ ನೊರೆಗೆ ಬೆಂಕಿ ಹತ್ತಿಕೊಂಡುದನ್ನೂ ನಾಡೆಲ್ಲ ನೋಡಿದೆ.

ಇಂದಿನ ಉಪನ್ಯಾಸದ ವಿಷಯ ಎರಡು: ಮನೆಯಲ್ಲಿ ತಯಾರಿಸುವ ದ್ರವ ಸಾಬೂನು ಹಾಗೂ ತೋಟ ಕಾಯಲೆಂದು ಸಾಕುವ ಬೆರಕೆ ನಾಯಿಮರಿ. ಇವೆರಡನ್ನು ಒಂದೇ ಮಾತಿನಲ್ಲಿ ಕಟ್ಟಿದುದು ಕೆಲವರಿಗೆ ವಿನೋದವೆನಿಸಬಹುದು. ಆದರೆ ತೋಟದ ಮನೆಯಲ್ಲಿ ಇವು ಇರುವುದು ಒಂದೇ ಕಡೆ, ಬಚ್ಚಲ ಹಿಂದಿನ ಒಗೆಯುವ ಕಲ್ಲಿನ ಬಳಿ. ಬಚ್ಚಲ ನೀರು ಹರಿದು ಬಾಳೆಯ ಬುಡಕ್ಕೆ ಹೋಗುತ್ತದೆ. ಆ ಬಾಳೆಯ ತಂಪಿನಲ್ಲಿ ನಾಯಿ ಮರಿ ಹಾಕಿರುತ್ತದೆ. ಇವೆರಡರ ನಡುವೆ ಒಂದು ಜೀವ ಉಳಿಸುವ ಸಂಬಂಧವೂ ಇದೆ. ಅದು ಮುಂದೆ ಬರುತ್ತದೆ.

ಸಾಬೂನಿನ ಮಾತು ಈ ಸೀಮೆಗೆ ಹೊಸದಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಸಾಬೂನು ಕಾರ್ಖಾನೆಗೆ ವಿದ್ಯೆಯ ಬಲ ಕೊಟ್ಟವರು ಎಸ್. ಜಿ. ಶಾಸ್ತ್ರಿಗಳು. ಇಂಗ್ಲೆಂಡಿಗೆ ಹೋಗಿ ಸಾಬೂನಿನ ತಂತ್ರವನ್ನು ಕಲಿತು ಬಂದು, ಶ್ರೀಗಂಧದ ಎಣ್ಣೆಯನ್ನು ಸಾಬೂನಿಗೆ ಹೊಂದಿಸಿದವರು. ಜನರ ಬಾಯಲ್ಲಿ ‘ಸೋಪ್ ಶಾಸ್ತ್ರಿ’ಗಳಾದರು. ಅವರ ಪೂರ್ಣ ಹೆಸರು ಸೋಸಲೆ ಗರಳಪುರಿ ಶಾಸ್ತ್ರಿ. ಸೋಸಲೆ ಟಿ. ನರಸೀಪುರ ತಾಲ್ಲೂಕಿನ ಊರು. ಗರಳಪುರಿ ಎಂದರೆ ನಂಜನಗೂಡಿನ ಸಂಸ್ಕೃತ ಹೆಸರು. ಬಿಳಿಗೆರೆಯ ಎರಡು ಮಗ್ಗುಲ ಎರಡು ಊರುಗಳು ಒಬ್ಬ ಸಾಬೂನು ತಜ್ಞರ ಹೆಸರಿನಲ್ಲಿ ಹೀಗೆ ಕೂಡಿಕೊಂಡಿವೆ. ಇದು ಕಾಕತಾಳೀಯವೇ ಇರಬಹುದು, ಆದರೂ ನೆನಪಿನಲ್ಲಿಡತಕ್ಕದ್ದು.

ಶಾಸ್ತ್ರಿಗಳು ಮಾಡಿದುದು ಗಟ್ಟಿ ಬಿಲ್ಲೆ. ಎಣ್ಣೆಯೊಡನೆ ಸೋಡಿಯಂನ ಕ್ಷಾರ ಕೂಡಿದರೆ ಗಟ್ಟಿ ಸಾಬೂನು, ಪೊಟ್ಯಾಸಿಯಂನ ಕ್ಷಾರ ಕೂಡಿದರೆ ನೀರಿನಲ್ಲಿ ಸುಲಭವಾಗಿ ಕರಗುವ ಮೆತ್ತನೆಯ ಸಾಬೂನು. ದ್ರವ ಸಾಬೂನೆಂದರೆ ಈ ಎರಡನೆಯದು. ರೈತನ ಮಟ್ಟಿಗೆ ವ್ಯತ್ಯಾಸ ಇಲ್ಲಿಗೆ ಮುಗಿಯುವುದಿಲ್ಲ. ಸೋಡಿಯಂ ಮಣ್ಣಿಗೆ ಸೇರಿದಷ್ಟೂ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚೆದರಿ, ನೀರು ಇಂಗದೆ, ಒಣಗಿದಾಗ ಮಣ್ಣು ಕಲ್ಲಾಗುತ್ತದೆ. ಕಾಲುವೆಯ ನೀರು ನಿಂತು ಚೌಳಾದ ಗದ್ದೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ಅಗಸರು ಬಟ್ಟೆ ಒಗೆಯಲು ತರುತ್ತಿದ್ದುದೂ ಅದೇ ಚೌಳು ಮಣ್ಣನ್ನೇ. ಬಟ್ಟೆಗೆ ಒಳ್ಳೆಯದಾದ ಮಣ್ಣು ಬೆಳೆಗೆ ಕೆಟ್ಟದು. ಪೊಟ್ಯಾಸಿಯಂ ಹಾಗಲ್ಲ, ಅದು ಬೆಳೆ ಬೇಡುವ ಪೋಷಕ. ಅದರಲ್ಲಿಯೂ ಬಾಳೆಯಷ್ಟು ಹಸಿದು ಪೊಟ್ಯಾಶ್ ಉಣ್ಣುವ ಬೆಳೆ ಬಹಳವಿಲ್ಲ. ಪೊಟ್ಯಾಸಿಯಂ ಸಾಬೂನಿನ ಬಚ್ಚಲ ನೀರು ರಸಬಾಳೆಯ ಬುಡಕ್ಕೆ ಹರಿದರೆ ಅಲ್ಲಿ ನಷ್ಟವಾಗುವುದು ಕಡಿಮೆ.

ತಮಾಷೆಯೆಂದರೆ, ಆ ಪೊಟ್ಯಾಶ್ ಮೊದಲು ಬಂದುದೂ ಬಾಳೆಯಿಂದಲೇ ಆಗಬಹುದು. ಗೊನೆ ಕಡಿದ ಮೇಲೆ ತೋಟದಲ್ಲಿ ಬೀಳುವ ಬಾಳೆಕಂಬವನ್ನೂ ಸಿಪ್ಪೆಯನ್ನೂ ಒಣಗಿಸಿ ಸುಟ್ಟರೆ ದೊರೆಯುವ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟು ಹೇರಳ. ಅಸ್ಸಾಮಿನಲ್ಲಿ ಈ ಬೂದಿಯ ತಿಳಿಯನ್ನು ‘ಕೊಲಾಖಾರ್’ ಎಂದು ಅಡುಗೆಗೂ ತೊಳೆಯುವುದಕ್ಕೂ ಬಳಸುತ್ತಾರೆ. ಪಶ್ಚಿಮ ಆಫ್ರಿಕಾದ ಕಪ್ಪು ಸಾಬೂನಿಗೂ ಬಾಳೆಸಿಪ್ಪೆಯ ಬೂದಿ ಬೇಕು. ತಿಳಿಗೆ ಸುಣ್ಣ ಬೆರೆಸಿ ಕುದಿಸಿದರೆ ಸುಣ್ಣದ ಕಾರ್ಬೊನೇಟು ತಳಕ್ಕಿಳಿದು ಮೇಲೆ ಕಾಸ್ಟಿಕ್ ಪೊಟ್ಯಾಶ್ ಉಳಿಯುತ್ತದೆ. ಆದರೆ ಒಂದು ಬೂದಿಯಂತೆ ಇನ್ನೊಂದಿಲ್ಲ, ತಿಳಿಯ ಸತ್ವ ಎಷ್ಟೆಂದು ಕಣ್ಣಿಗೆ ತಿಳಿಯುವುದಿಲ್ಲ. ಪ್ರಯೋಗಕ್ಕೆ ಬೂದಿ ಇರಲಿ. ಮೈಗೆ ಹಚ್ಚುವ ಸಾಬೂನಿಗೆ ಅಂಗಡಿಯ ಕಾಸ್ಟಿಕ್ ಪೊಟ್ಯಾಶನ್ನು ತಕ್ಕಡಿಯಲ್ಲಿ ತೂಗಿ ಹಾಕುವುದೇ ಸರಿ.

ತೂಕದ ಲೆಕ್ಕ ಹೀಗೆ. ಒಂದು ಕಿಲೋ ತೆಂಗಿನೆಣ್ಣೆ ಪೂರ್ತಿ ಸಾಬೂನಾಗಲು ಸುಮಾರು 257 ಗ್ರಾಂ ಶುದ್ಧ ಕಾಸ್ಟಿಕ್ ಪೊಟ್ಯಾಶ್ ಬೇಕು. ಹೊಂಗೆಎಣ್ಣೆಗೆ ಇದಕ್ಕಿಂತ ಬಹಳ ಕಡಿಮೆ ಸಾಕು, ಆದ್ದರಿಂದ ಎಣ್ಣೆ ಬದಲಾದರೆ ಲೆಕ್ಕವೂ ಬದಲಾಗಬೇಕು. ಪೇಟೆಯ ಚಕ್ಕೆಗಳು ಸಾಮಾನ್ಯವಾಗಿ ನೂರಕ್ಕೆ ತೊಂಬತ್ತು ಭಾಗ ಮಾತ್ರ ಶುದ್ಧ. ಸ್ವಲ್ಪ ಎಣ್ಣೆಯನ್ನು ಉಳಿಸಿಕೊಳ್ಳುವುದು ಚರ್ಮಕ್ಕೆ ಹಿತವಾದ್ದರಿಂದ, ಕಿಲೋ ತೆಂಗಿನೆಣ್ಣೆಗೆ 275 ಗ್ರಾಂ ಚಕ್ಕೆ ಹಾಕಿದರೆ ಸರಿಹೋಗುತ್ತದೆ. ಚಕ್ಕೆಯನ್ನು ಅದರ ಮೂರು ಪಾಲು ತಣ್ಣೀರಿಗೆ ಹಾಕಬೇಕೇ ಹೊರತು ಚಕ್ಕೆಯ ಮೇಲೆ ನೀರು ಸುರಿಯಬಾರದು. ಸಿಡಿದು ಕಣ್ಣು ಹೋದೀತು. ಪಾತ್ರೆ ಸ್ಟೀಲಿನದಾಗಿರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿಂದುಹಾಕುತ್ತದೆ. ಕೈಗವಸು, ಕನ್ನಡಕ ಬೇಕೇಬೇಕು. ಮಕ್ಕಳೂ ನಾಯಿಮರಿಗಳೂ ಆ ಹೊತ್ತು ಅಂಗಳದಲ್ಲಿರಬಾರದು. ಕ್ಷಾರದ ನೀರನ್ನು ಬಿಸಿ ಎಣ್ಣೆಗೆ ಸುರಿದು ಕಡೆದು, ಸಣ್ಣ ಉರಿಯಲ್ಲಿ ಕೆಲವು ಗಂಟೆ ಬೇಯಿಸಿದರೆ ಹಲ್ವದಂತೆ ಹೊಳೆಯುವ ಪಾಕವಾಗುತ್ತದೆ. ಒಂದು ಚಿಟಿಕೆ ಪಾಕವನ್ನು ಬಿಸಿಯಾದ ಮಳೆನೀರಿನಲ್ಲಿ ಕರಗಿಸಿ ನೋಡಬೇಕು. ತಿಳಿಯಾಗಿ ಕರಗಿದರೆ ಬೆಂದಿದೆ, ಹಾಲಿನಂತೆ ಮಬ್ಬಾದರೆ ಇನ್ನೂ ಬೇಯಬೇಕು. ಬೆಂದ ಪಾಕಕ್ಕೆ ಎರಡರಷ್ಟು ಬಿಸಿನೀರು ಹಾಕಿ ರಾತ್ರಿಯಿಡೀ ಬಿಟ್ಟರೆ ಬೆಳಗಿನ ಹೊತ್ತಿಗೆ ದ್ರವ ಸಾಬೂನು ಸಿದ್ಧ. ಅದು ನೀರಿನಂತೆ ತೆಳುವಾಗಿರುತ್ತದೆ. ದಪ್ಪವಾಗಲೆಂದು ಅಡುಗೆಯ ಉಪ್ಪು ಸುರಿದರೆ ಬೇಡವೆಂದು ಹಿಂದಿನ ಬಾಗಿಲಿನಿಂದ ಕಳುಹಿಸಿದ ಸೋಡಿಯಂ ಮುಂದಿನ ಬಾಗಿಲಿನಿಂದ ಒಳಬಂದಂತೆ.

ಇಲ್ಲಿ ಒಂದು ಮಾತನ್ನು ಮುಲಾಜಿಲ್ಲದೆ ಹೇಳಬೇಕು. ‘ಗೃಹೋದ್ಯೋಗ’ದ ತರಬೇತಿಗಳಲ್ಲಿ ಕಲಿಸುವ ದ್ರವ ಸಾಬೂನು ಬಹುಪಾಲು ಸಾಬೂನೇ ಅಲ್ಲ. ಪೇಟೆಯಿಂದ ತಂದ ಆಸಿಡ್ ಸ್ಲರಿಗೆ ಸೋಡ, ಬಣ್ಣ, ನಿಂಬೆಯ ಪರಿಮಳ ಬೆರೆಸಿ ಕಲಕಿದ ಮಾರ್ಜಕ ಅದು. ಮನೆಯಲ್ಲಿ ಕಲಕಿದ ಮಾತ್ರಕ್ಕೆ ಅದು ಮನೆಯ ಸಾಬೂನಾಗುವುದಿಲ್ಲ. ಪಾತ್ರೆ ಬೆಳಗುತ್ತದೆ, ಸಂಘದ ಮಹಿಳೆಯರಿಗೆ ನಾಲ್ಕು ಕಾಸು ಸಿಗುತ್ತದೆ, ಸರಿ. ಪರಿಸರಸ್ನೇಹಿ ಎಂಬ ಚೀಟಿಯನ್ನು ಮಾತ್ರ ಅಂಟಿಸಬಾರದು.

ಹಾಗಾದರೆ ಅಂಟುವಾಳವೇ ಉತ್ತಮವಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿ, ಸೀಗೆಗಳೊಡನೆ ಅಂಟುವಾಳವನ್ನೂ ಆಯ್ದು ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಮಾರುತ್ತ ಬಂದವರು. ನಡುವೆ ಅದಕ್ಕೆ ನಿಷೇಧ ಬಂದು, 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕು ಮಾನ್ಯವಾಯಿತು. ಅಂಟುವಾಳದ ಸಪೋನಿನ್ ಎಂಬ ಸತ್ವ ಬೋರ್‌ವೆಲ್ಲಿನ ಗಡಸು ನೀರಿನಲ್ಲಿಯೂ ನೊರೆ ಕೊಡುತ್ತದೆ. ಎಣ್ಣೆಯ ಸಾಬೂನು ಆ ನೀರಿನಲ್ಲಿ ಒಡೆದು ಬಿಳಿಯ ಗಸಿಯಾಗುತ್ತದೆ. ಬಿಳಿಗೆರೆಯಂಥ ಬಯಲಿಗೆ ಇದು ದೊಡ್ಡ ಅನುಕೂಲ. ಆದರೆ ಅದೇ ಸಪೋನಿನ್ ಮೀನಿಗೆ ವಿಷ. ಕಾಯಿ ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುತ್ತಿದ್ದ ಜನರಿಗೆ ಇದು ಗೊತ್ತಿತ್ತು. ಮಲೆಯ ಕಾಯಿ ಎಂಬ ಕಾರಣಕ್ಕೆ ಅದರ ನೀರನ್ನು ನೇರವಾಗಿ ಕೆರೆಗೆ ಬಿಡುವುದು ಸಲ್ಲದು. ಮಣ್ಣಿಗೆ ಬಿಟ್ಟರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸಿಕೊಳ್ಳುತ್ತವೆ.

ಸಾಬೂನಿಗೆ ಇನ್ನೊಂದು ಕೆಲಸವಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೇವಿನ ಸಾಬೂನನ್ನೂ ಹೊಂಗೆಯ ಸಾಬೂನನ್ನೂ ಕೀಟನಿಯಂತ್ರಣಕ್ಕಾಗಿ ರೂಪಿಸಿದೆ. ಸಸ್ಯಹೇನು, ಹಿಟ್ಟುತಿಗಣೆಗಳಂಥ ಮೆದುಮೈಯ ಕೀಟಗಳ ಮೇಲೆ ಸಾಬೂನಿನ ನೀರು ಬಿದ್ದರೆ ಅವುಗಳ ಮೈಯ ಮೇಣದ ಪೊರೆ ಕಳಚುತ್ತದೆ. ಹಾಗೆಂದು ಅದನ್ನು ನಾಯಿಮರಿಯ ಉಣ್ಣೆಹುಳುವಿಗೂ ಮದ್ದೆಂದು ಭಾವಿಸುವವರಿದ್ದಾರೆ. ಉಣ್ಣೆಹುಳುವಿನ ಚರ್ಮ ಬಲು ಗಟ್ಟಿ; ಸಾಬೂನಿಗೆ ಅದು ಜಗ್ಗದು.

ಇಲ್ಲಿಗೆ ಮಾತು ನಾಯಿಮರಿಯ ಬಳಿಗೆ ಬಂದಿತು.

ಬಿಳಿಗೆರೆಯಂಥ ಊರಿನ ಹೊರವಲಯದ ಒಂದು ತೋಟದ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ನಾಲ್ಕಾರು ಬನ್ನೂರು ಕುರಿ, ಒಂದು ಸೀಮೆಹಸು, ಕೋಳಿಗಳು. ಕಾಯಲು ಒಂದು ನಾಟಿ ಹೆಣ್ಣುನಾಯಿ. ಪಕ್ಕದ ತೋಟದವರು ನಗರದಿಂದ ತಂದ ಜಾತಿ ನಾಯಿಯ ಬೆರಕೆಯಿಂದ ಅದಕ್ಕೆ ಆರು ಮರಿ. ಗಂಡುಮರಿಗಳನ್ನು ಕಣ್ಣು ಬಿಡುವ ಮೊದಲೇ ನೆಂಟರು ಗೊತ್ತು ಮಾಡಿಕೊಳ್ಳುತ್ತಾರೆ. ಹೆಣ್ಣುಮರಿಗಳು ಒಂದು ರಾತ್ರಿ ಗೋಣಿಚೀಲದಲ್ಲಿ ಸಂತೆಮಾಳಕ್ಕೋ ಹೆದ್ದಾರಿಯ ಹೋಟೆಲಿನ ಹಿತ್ತಲಿಗೋ ಹೋಗುತ್ತವೆ. ಬದುಕಿದ ಒಂದೆರಡು ಮರುವರ್ಷ ಅಲ್ಲಿಯೇ ಮರಿ ಹಾಕುತ್ತವೆ. ಬೀದಿನಾಯಿ ಹೆಚ್ಚಾಯಿತೆಂದು ಪಂಚಾಯಿತಿಗೆ ಅರ್ಜಿ ಬರೆಯುವ ಕೈ, ಆ ಚೀಲದ ಬಾಯಿ ಕಟ್ಟಿದ ಕೈಯೂ ಆಗಿರುವುದುಂಟು. ಸಾಕಿದ ಹೆಣ್ಣುನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಇದಕ್ಕೆ ಇರುವ ನೇರ ಪರಿಹಾರ.

ಬೆರಕೆ ಮರಿಯಲ್ಲಿ ಜನರು ಕಾಣುವ ಗುಣ ಸುಳ್ಳಲ್ಲ. ಎರಡು ದೂರದ ತಳಿಗಳು ಕೂಡಿದಾಗ ಮೊದಲ ಪೀಳಿಗೆಗೆ ಒಂದು ಕಸುವು ಬರುತ್ತದೆ. ಹೈಬ್ರಿಡ್ ಜೋಳದಲ್ಲಿ ಕಾಣುವುದೂ ಅದೇ. ಆದರೆ ಹೈಬ್ರಿಡ್ ಜೋಳದ ಕಾಳನ್ನೇ ಮತ್ತೆ ಬಿತ್ತಿದರೆ ಹೊಲ ಏರುಪೇರಾಗುವಂತೆ, ಬೆರಕೆಗೆ ಬೆರಕೆ ಕೂಡಿದ ಮರಿಗಳಲ್ಲಿ ಗುಣಗಳು ಚೆದರುತ್ತವೆ. ಒಂದು ಅಜ್ಜನಂತೆ, ಇನ್ನೊಂದು ಯಾರಂತೆಯೂ ಅಲ್ಲ. ಕಾವಲಿನ ಸ್ವಭಾವ ಬೇಕೆನ್ನುವವರು ಗಂಡಿನ ಮೈಕಟ್ಟಿಗಿಂತ ತಾಯಿಯ ನಡತೆಯನ್ನು ನೋಡುವುದು ಲೇಸು. ನಾಡಿನದೇ ತಳಿ ಬೇಕೆನ್ನುವವರಿಗೆ ಮುಧೋಳದ ಬೇಟೆನಾಯಿ ಇದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ತಳಿಗಾಗಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೂ ಇದೆ. ಅದು ಓಡಲು ಹುಟ್ಟಿದ ನಾಯಿ. ಕಟ್ಟಿಹಾಕಿ ಸಾಕುವ ಮನೆಗೆ ತಕ್ಕುದಲ್ಲ.

ಮರಿಯನ್ನು ತಾಯಿಯಿಂದ ಎಂಟು ವಾರಕ್ಕೆ ಮೊದಲು ಅಗಲಿಸಬಾರದು. ಮೂರನೆಯ ವಾರದಿಂದ ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ಅದು ಕಂಡುದನ್ನೆಲ್ಲ ತನ್ನವರೆಂದು ಒಪ್ಪಿಕೊಳ್ಳುವ ಕಾಲ. ಕುರಿ, ಕೋಳಿ, ಕರು, ಕೂಲಿಗೆ ಬರುವವರು, ಮನೆಯ ಮಕ್ಕಳು, ಎಲ್ಲರ ಪರಿಚಯ ಆಗಲೇ ಆಗಬೇಕು. ಆ ವಾರಗಳನ್ನು ಪಂಜರದಲ್ಲಿ ಕಳೆದ ಮರಿ ಮುಂದೆ ಕಂಡವರನ್ನೆಲ್ಲ ಕಚ್ಚುವುದು ಆಶ್ಚರ್ಯವಲ್ಲ. ಆಹಾರದ ವಿಷಯದಲ್ಲಿ ಮುದ್ದೆ ಮಜ್ಜಿಗೆಯಿಂದಲೇ ನಾಯಿ ಬೆಳೆಯುತ್ತದೆಂಬ ನಂಬಿಕೆ ಈ ಸೀಮೆಯಲ್ಲಿ ಬಲವಾಗಿದೆ. ರಾಗಿಯಲ್ಲಿ ಸುಣ್ಣದಂಶ ಬೇಕಾದಷ್ಟಿದೆ, ಆದರೆ ಪ್ರೋಟೀನು ನೂರಕ್ಕೆ ಏಳರಷ್ಟು ಮಾತ್ರ. ಬೆಳೆಯುವ ಮರಿಯ ಒಣ ಆಹಾರದಲ್ಲಿ ಇಪ್ಪತ್ತೆರಡಕ್ಕೂ ಹೆಚ್ಚಿರಬೇಕು. ಮುದ್ದೆಯೊಡನೆ ಮೊಟ್ಟೆ, ಬೇಯಿಸಿದ ಮಾಂಸದ ಚೂರು, ಉಪ್ಪಿಲ್ಲದ ಒಣಮೀನು ಸೇರಲಿ. ಈರುಳ್ಳಿ ಹಾಕಿದ ಸಾರು ಬೇಡ. ಜಂತುಹುಳು ತಾಯಿಯ ಗರ್ಭದಲ್ಲಿಯೇ ಮರಿಗೆ ಅಂಟಿರುತ್ತದೆ, ಮರಿಯ ಮಲದಿಂದ ಅಂಗಳದಲ್ಲಿ ಆಡುವ ಮಕ್ಕಳಿಗೂ ಬರುತ್ತದೆ. ಎರಡನೆಯ ವಾರದಿಂದಲೇ ಹದಿನೈದು ದಿನಕ್ಕೊಮ್ಮೆ ಪಶುವೈದ್ಯರು ಹೇಳಿದ ಔಷಧ ಕೊಡಬೇಕು.

ಉಣ್ಣೆಹುಳುವನ್ನು ಇಕ್ಕಳದಿಂದ ಬುಡಕ್ಕೆ ಹಿಡಿದು ಕೀಳಬೇಕು, ಹೆಚ್ಚಾದರೆ ಪಶುವೈದ್ಯರ ಬಳಿಗೆ ಹೋಗಬೇಕು. ಸೀಮೆಎಣ್ಣೆ ಹಚ್ಚುವವರಿದ್ದಾರೆ. ಮರಿ ಅದನ್ನು ನೆಕ್ಕಿ ಸಾಯುತ್ತದೆ. ಗೂಡು ತೊಳೆಯಲು ಫಿನಾಯಿಲ್ ಕೂಡ ಎಳೆಯ ಮರಿಯ ಚರ್ಮಕ್ಕೆ ಸಲ್ಲದು. ಎಂಟು ವಾರ ತುಂಬುವವರೆಗೆ ಸ್ನಾನವೇ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಆಮೇಲೂ ಮನೆಯ ಸಾಬೂನನ್ನು ಬಹಳ ತೆಳುಮಾಡಿ, ಅಪರೂಪಕ್ಕೆ ಬಳಸಿ, ಚೆನ್ನಾಗಿ ತೊಳೆದು ತೆಗೆಯಬೇಕು. ನಾಯಿಯ ಚರ್ಮ ಮನುಷ್ಯರ ಚರ್ಮಕ್ಕಿಂತ ಕ್ಷಾರಕ್ಕೆ ಬೇಗ ಒಣಗುತ್ತದೆ.

ಸಾಬೂನು ಮಾಡಬಲ್ಲದ್ದೇನು, ಮಾಡಲಾರದ್ದೇನು ಎಂಬುದಕ್ಕೆ ನಾಯಿಯ ಮೂರು ವೈರಾಣುಗಳನ್ನು ನೋಡಿದರೆ ಸಾಕು. ಮರಿಗಳು ರಕ್ತಭೇದಿಯಿಂದ ಎರಡು ಮೂರು ದಿನದಲ್ಲಿ ಸಾಯುವ ಪಾರ್ವೊ ರೋಗದ ವೈರಾಣುವಿಗೆ ಕೊಬ್ಬಿನ ಹೊರಪೊರೆ ಇಲ್ಲ. ಸಾಬೂನು ಅದನ್ನು ಕೊಲ್ಲಲಾರದು. ತಂಪಾದ ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಅಂಥ ಜಾಗಕ್ಕೆ ಬ್ಲೀಚಿಂಗ್ ದ್ರಾವಣವೇ ಬೇಕು, ಹೊಸ ಮರಿಗೆ ಆರು ವಾರದಿಂದ ಲಸಿಕೆ ಬೇಕು. ಡಿಸ್ಟೆಂಪರ್ ವೈರಾಣುವಿಗೆ ಕೊಬ್ಬಿನ ಪೊರೆ ಇದೆ, ಸಾಬೂನಿಗೆ ಒಡೆಯುತ್ತದೆ. ಆದರೆ ಅದು ಉಸಿರಿನಿಂದಲೂ ಹರಡುವುದರಿಂದ ಅದಕ್ಕೂ ಲಸಿಕೆಯೇ ದಾರಿ. 2018ರಲ್ಲಿ ಗಿರ್ ಅರಣ್ಯದ ಸಿಂಹಗಳನ್ನು ಬಲಿ ತೆಗೆದುಕೊಂಡ ರೋಗ ಇದೇ. ಬಂಡೀಪುರ, ಬಿಳಿಗಿರಿಗಳ ಅಂಚಿನ ಊರಿನಲ್ಲಿ ಒಂದು ನಾಯಿಮರಿಗೆ ಲಸಿಕೆ ಹಾಕಿಸುವುದು ಕಾಡಿನ ಸೀಳುನಾಯಿಗೂ ಹಾಕಿಸಿದಂತೆ.

ಮೂರನೆಯದು ರೇಬೀಸ್. ಇದರ ವೈರಾಣುವಿಗೂ ಕೊಬ್ಬಿನ ಪೊರೆ ಇದೆ. ಕಚ್ಚಿದ ಗಾಯದಿಂದ ಅದು ಕೂಡಲೇ ನರವನ್ನು ಸೇರುವುದಿಲ್ಲ. ಮಾಂಸದಲ್ಲಿ ಸ್ವಲ್ಪ ಕಾಲ ಇರುತ್ತದೆ. ಆ ಹೊತ್ತಿನಲ್ಲಿ ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ, ಗಡಿಯಾರ ನೋಡಿಕೊಂಡು, ಗಾಯವನ್ನು ತೊಳೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯಾವ ಸಾಬೂನೂ ಆಗಬಹುದು: ಬಿಲ್ಲೆಯಾಗಲಿ, ಮನೆಯ ದ್ರವವಾಗಲಿ. ಈ ಒಂದು ಕೆಲಸಕ್ಕೆ ಅಂಟುವಾಳವನ್ನು ನೆಚ್ಚಬಾರದು. ತೊಳೆಯುವುದು ಮೊದಲ ಹೆಜ್ಜೆ ಮಾತ್ರ. ಅಂದೇ ಆಸ್ಪತ್ರೆಗೆ ಹೋಗಲೇಬೇಕು. ಹಲ್ಲು ಚರ್ಮವನ್ನು ಭೇದಿಸಿದ್ದರೆ ಲಸಿಕೆಯೊಡನೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು.

ತೋಟದ ಮನೆಗಳಲ್ಲಿ ತಪ್ಪುವುದು ಇಲ್ಲಿಯೇ. ಮಗುವಿಗೆ ಪರಚಿದುದು ‘ಮರಿಯಷ್ಟೇ’, ‘ಮನೆಯದೇ’ ಎಂದು ಬಿಟ್ಟುಬಿಡುತ್ತಾರೆ. ಎರಡು ತಿಂಗಳ ಮರಿಗೂ ರೇಬೀಸ್ ಬರಬಹುದು. ಅದರ ಹಲ್ಲು ಸೂಜಿಯಷ್ಟು ಸಣ್ಣದಾದ್ದರಿಂದ ಗಾಯ ಕಾಣುವುದೇ ಇಲ್ಲ. ಇಲ್ಲವೇ ಗಾಯಕ್ಕೆ ಸುಣ್ಣ, ಅರಿಸಿನ, ಕಾಫಿಪುಡಿ, ಖಾರದಪುಡಿ ಮೆತ್ತುತ್ತಾರೆ. ಅವು ಗಾಯವನ್ನು ಕೆರಳಿಸುತ್ತವೆಯೇ ಹೊರತು ವೈರಾಣುವನ್ನು ತೊಳೆಯುವುದಿಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದಿನ ಹಳೆಯ ಭಯ ಇನ್ನೂ ಹೋಗಿಲ್ಲ. ಆ ಲಸಿಕೆ ನಿಂತು ಇಪ್ಪತ್ತು ವರ್ಷವಾಯಿತು. ಈಗಿನದು ತೋಳಿಗೆ, ನಾಲ್ಕೈದು ಸರದಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ನಂಜನ್ನು ಉಂಡವನ ಊರಿನ ಸೀಮೆಯೆಂದು ಈ ನಂಜೇನೂ ಕಡಿಮೆಯಾಗುವುದಿಲ್ಲ.

ಇನ್ನು ಇರುಳಿನ ಮಾತು. 2022ರ ಕೊನೆಯಲ್ಲಿಯೂ 2023ರ ಆರಂಭದಲ್ಲಿಯೂ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ಮನುಷ್ಯರು, ಅದರಲ್ಲಿಯೂ ಎಳೆಯರು, ಬಲಿಯಾದರು. ಕಬ್ಬಿನ ಗದ್ದೆ ಚಿರತೆಗೆ ಮರೆ. ನಾಯಿ ಅದಕ್ಕೆ ಇಷ್ಟದ ಆಹಾರ. ಸರಪಳಿಯಲ್ಲಿ ಕಟ್ಟಿದ ಮರಿ ಕಾವಲು ಕಾಯುವುದಿಲ್ಲ, ಚಿರತೆಯನ್ನು ಅಂಗಳಕ್ಕೆ ಕರೆಯುತ್ತದೆ. ಕತ್ತಲಾಗುವ ಮೊದಲು ಮರಿಗಳು ಬಾಗಿಲಿರುವ ಗಟ್ಟಿ ಗೂಡಿನೊಳಗೆ, ಕುರಿಗಳ ಕೊಟ್ಟಿಗೆಯ ಪಕ್ಕದಲ್ಲಿ ಇರಬೇಕು. ಬೆಳೆದ ನಾಯಿಗೆ ಹಿಮಾಲಯದ ಕುರುಬರು ತೊಡಿಸುವ ಮುಳ್ಳಿನ ಕೊರಳಪಟ್ಟಿಯನ್ನು ಊರಿನ ಕಮ್ಮಾರನೂ ಮಾಡಿಕೊಡಬಲ್ಲ.

ಖರ್ಚಿನ ಮಾತನ್ನು ಸಭೆಯಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ತೆಂಗಿನೆಣ್ಣೆಯ ಬೆಲೆ ಏರಿದಾಗ ಮನೆಯ ಸಾಬೂನು ಅಂಗಡಿಯದಕ್ಕಿಂತ ಅಗ್ಗವಾಗುವುದಿಲ್ಲ, ಇದನ್ನು ಮುಚ್ಚಿಡಬೇಕಾಗಿಲ್ಲ. ಕರಿದು ಉಳಿದ ಎಣ್ಣೆಯನ್ನು ಸೋಸಿ ಪಾತ್ರೆಯ ಸಾಬೂನಿಗೆ ಬಳಸಬಹುದು. ಲಸಿಕೆಯ ಮಟ್ಟಿಗೆ ಹೇಳುವುದಾದರೆ, ಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ಮರುಸರದಿ, ವರ್ಷಕ್ಕೊಮ್ಮೆ ತಪ್ಪದೆ ಮತ್ತೆ. ಮರೆತುಹೋಗುತ್ತದೆ ಎನ್ನುವವರಿಗೆ ಅಡುಗೆಮನೆಯ ಗೋಡೆಯಲ್ಲಿ ಹೇಗೂ ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರ್ ತೂಗುತ್ತಿರುತ್ತದೆ. ಹಸು ಗಬ್ಬವಾದ ದಿನವನ್ನು ಅದರಲ್ಲಿ ಗುರುತು ಹಾಕುವ ಪೆನ್ಸಿಲಿನಿಂದಲೇ ಇದನ್ನೂ ಬರೆಯಬಹುದು. ಸಾಬೂನಿನ ಒಂದು ಬಾಟಲಿ ಬಚ್ಚಲಲ್ಲಿರಲಿ, ಇನ್ನೊಂದು ಅಂಗಳದ ನಲ್ಲಿಯ ಪಕ್ಕದಲ್ಲಿ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ.